ಕೋಣ ಮುಂದೆ, ಕ್ಲಿಕ್ಕು ಹಿಂದೆ

ಕಂಬಳದ ಸೀಸನ್ ಶುರುವಾದರೆ ಈ ಫೋಟೊಗ್ರಫಿ ಅಂಕಣಕ್ಕೆ ಬರುವ ಪತ್ರಗಳೂ ಓಡತೊಡಗುತ್ತವೆ. ಈ ಸಲದ ಪ್ರಶ್ನೆಗಳೆಲ್ಲ ಹೆಚ್ಚು ಕಡಿಮೆ ಒಂದೇ ಜಾತಿಯವು: ಓಡುವುದು, ಹಾರುವುದು, ನೆಗೆಯುವುದು. ಪತ್ರದ ಕೊನೆಯ ಸಾಲು ಕೂಡ ಎಲ್ಲರದ್ದೂ ಒಂದೇ, ‘ಸರ್, ಯಾವ ಕ್ಯಾಮೆರಾ ತಗೊಳ್ಳಲಿ?’ ಅದಕ್ಕೆ ಉತ್ತರವನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಮೊದಲು ಕೈಯಲ್ಲಿರುವ ಕ್ಯಾಮೆರಾದ ಮಾತಾಡೋಣ.

ಪ್ರಶ್ನೆ: ಕ್ಯಾನನ್ 1500ಡಿ, 55-250 ಲೆನ್ಸ್ ಇದೆ. ಮೂಡುಬಿದಿರೆ ಕಂಬಳಕ್ಕೆ ಹೋಗಿದ್ದೆ. ಶಟರ್ 1/250 ಇಟ್ಟಿದ್ದೆ. ಒಂದು ಫೋಟೊ ಕೂಡ ಶಾರ್ಪ್ ಬರಲಿಲ್ಲ. ಎಲ್ಲಿ ಎಡವಟ್ಟಾಯಿತು?
– ಕಾಲೇಜು ವಿದ್ಯಾರ್ಥಿ, ಕಾರ್ಕಳ

ಮೊದಲು ಆ ಫೋಟೊಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿ. ಮಸುಕಿನಲ್ಲಿ ಮೂರು ಬಗೆ. ಕೋಣ, ಹಿಂದೆ ನಿಂತ ಜನ, ಕಂಬ, ಬ್ಯಾನರ್ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ನಿಮ್ಮ ಕೈ ಅಲುಗಿದೆ. ಜನ ಸರಿಯಾಗಿದ್ದು ಕೋಣ ಮಾತ್ರ ಎಳೆದಂತಿದ್ದರೆ ಶಟರ್ ವೇಗ ಸಾಲಲಿಲ್ಲ (1/250 ಅಂದರೆ ಶಟರ್ ತೆರೆದಿದ್ದದ್ದು ಸೆಕೆಂಡಿನ 250ನೇ ಒಂದು ಭಾಗ). ಯಾವುದೂ ಎಳೆದಂತಿಲ್ಲ, ಆದರೆ ಕೋಣ ಮೆತ್ತಗಿದೆ, ಅದರ ಹಿಂದಿನ ಕೆಸರು ಮಾತ್ರ ಚುರುಕಾಗಿದೆ ಅಂದರೆ ಫೋಕಸ್ ತಪ್ಪಿದೆ. ಮೂರಕ್ಕೂ ಮದ್ದು ಬೇರೆ. ಯಾವ ಕಾಯಿಲೆ ಅಂತ ನೋಡದೆ ಸುಮ್ನೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಚುರುಕು) ಏರಿಸುತ್ತಾ ಹೋದರೆ ಏನೂ ಆಗುವುದಿಲ್ಲ.

ಈಗ ಸ್ವಲ್ಪ ಲೆಕ್ಕ. 2020ರ ಫೆಬ್ರುವರಿಯಲ್ಲಿ ಐಕಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಕೋಣ ಓಡುವ ಕೆಸರಿನ ಹಾದಿ) 13.62 ಸೆಕೆಂಡಿನಲ್ಲಿ ಓಡಿದ್ದು, ಉಸೇನ್ ಬೋಲ್ಟ್ ಹೆಸರು ತಂದು ದೇಶವೆಲ್ಲ ಮಾತಾಡಿದ್ದು ನೆನಪಿದೆ ಅಲ್ವಾ? ಅಂದರೆ ಸೆಕೆಂಡಿಗೆ ಸುಮಾರು ಹತ್ತೂವರೆ ಮೀಟರ್. ನಿಮ್ಮ 1/250 ಸೆಕೆಂಡಿನಲ್ಲಿ ಅಂಥ ಕೋಣ 4 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. 1/1000ದಲ್ಲಿ 1 ಸೆಂಟಿಮೀಟರ್. ಕರೆಯ ಪಕ್ಕದಲ್ಲಿ ನಿಂತು, ಜೋಡಿ ಕೋಣ ಮತ್ತು ಓಡಿಸುವವರು ಸೇರಿ 6 ಮೀಟರ್ ಅಗಲ ತುಂಬುವಂತೆ ಹಿಡಿದಿದ್ದೀರಿ ಅಂತಿಟ್ಟುಕೊಳ್ಳಿ. ನಿಮ್ಮ ಕ್ಯಾಮೆರಾದ ಚಿತ್ರ 6000 ಪಿಕ್ಸೆಲ್ ಅಗಲ. ಒಂದು ಸೆಂಟಿಮೀಟರಿಗೆ 10 ಪಿಕ್ಸೆಲ್ ಆಯಿತು. 1/250ಕ್ಕೆ 40 ಪಿಕ್ಸೆಲ್ ಎಳೆತ. ಕಣ್ಣು, ಮೂಗುದಾರ, ಹಣೆಯ ಮೇಲಿನ ಅಲಂಕಾರ ಎಲ್ಲ ಅದರಲ್ಲೇ ಕರಗಿ ಹೋಗುತ್ತದೆ.

ಇದೇ ಕೋಣ ನೇರ ನಿಮ್ಮ ಕಡೆಗೇ ಬರುತ್ತಿದ್ದರೆ? ವೇಗ ಅಷ್ಟೇ. ಆದರೆ ಚೌಕಟ್ಟಿನಲ್ಲಿ ಎಡ-ಬಲಕ್ಕೆ ಜರುಗುವುದು ತೀರಾ ಕಡಿಮೆ. ಅದಕ್ಕೇ ನಾನು ಯಾರು ಕೇಳಿದರೂ ಮೊದಲು ಶಟರ್ ಹೇಳುವುದಿಲ್ಲ, ನಿಲ್ಲುವ ಜಾಗ ಹೇಳುತ್ತೇನೆ. ಓಟ ಶುರುವಾಗುವ ಗಂತಿನ ಹತ್ತಿರ ಅಲ್ಲ, ನಡುಕರೆಯಲ್ಲೂ ಅಲ್ಲ. ಓಟ ಮುಗಿಯುವ ಮಂಜೊಟ್ಟಿಯ ಕಡೆ, ಕರೆಗೆ ಸ್ವಲ್ಪ ಓರೆಯಾಗಿ. ಕೋಣಗಳು ಅಲ್ಲಿಗೆ ಬರುವಷ್ಟರಲ್ಲಿ ನೀರು ಎರಡೂ ಕಡೆ ಗೋಡೆಯ ಹಾಗೆ ಎದ್ದಿರುತ್ತದೆ, ಓಡಿಸುವವರ ಮುಖವೂ ಕಾಣುತ್ತದೆ. ಆದರೆ ಸಂಘಟಕರು ಕಟ್ಟಿದ ಹಗ್ಗದ ಒಳಗೆ ಕಾಲಿಡಬೇಡಿ. ಮಂಜೊಟ್ಟಿ ಏರಿದ ಕೋಣಕ್ಕೆ ನಿಮ್ಮ ಲೆನ್ಸಿನ ಬೆಲೆ ಗೊತ್ತಿಲ್ಲ.

ಎದುರು ನಿಂತರೆ ಶಟರಿನ ಕಷ್ಟ ಕಡಿಮೆಯಾಗಿ ಫೋಕಸಿನ ಕಷ್ಟ ಜಾಸ್ತಿಯಾಗುತ್ತದೆ. ಯಾಕೆ ಅಂದರೆ, 250 ಎಂಎಂ, ಎಫ್ 5.6ರಲ್ಲಿ (ಎಫ್ ಅಂದರೆ ಲೆನ್ಸಿನ ತೂತಿನ ಅಳತೆ, ಅಂಕಿ ಸಣ್ಣದಾದಷ್ಟೂ ತೂತು ದೊಡ್ಡದು) ಕೋಣ 30 ಮೀಟರ್ ದೂರ ಇದ್ದಾಗ ಸುಮಾರು 3 ಮೀಟರ್ ಆಳದವರೆಗೆ ಎಲ್ಲ ಶಾರ್ಪ್ ಇರುತ್ತದೆ. ಕೋಣದ ಮುಖವೂ ಬಂತು, ಹಿಂದೆ ಓಡಿಸುವವರೂ ಬಂದರು. ಅದೇ 15 ಮೀಟರಿಗೆ ಬಂದಾಗ ಆ ಆಳ ಮುಕ್ಕಾಲು ಮೀಟರಿಗೆ ಇಳಿಯುತ್ತದೆ. ಆಗ ಕೋಣ ಬೇಕೋ ಮನುಷ್ಯ ಬೇಕೋ ನೀವೇ ತೀರ್ಮಾನ ಮಾಡಬೇಕು. ಇಬ್ಬರೂ ಬೇಕಿದ್ದರೆ 30 ಮೀಟರ್ ಆಸುಪಾಸಿನಲ್ಲೇ ಒತ್ತಿ. ಹತ್ತಿರ ಬರಲಿ ಅಂತ ಕಾಯುವ ಆಸೆಯೇ ಮುಕ್ಕಾಲು ಪಾಲು ಫೋಟೊ ಕೆಡಿಸುತ್ತದೆ. 1500ಡಿ ಸೆಕೆಂಡಿಗೆ ತೆಗೆಯುವುದು ಮೂರೇ ಫ್ರೇಮ್. ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಕೋಣ ಮೂರೂವರೆ ಮೀಟರ್ ದಾಟಿರುತ್ತದೆ. ಬಟನ್ ಒತ್ತಿ ಹಿಡಿದರೆ ಯಾವುದೋ ಒಂದು ಸಿಕ್ಕೀತು ಅನ್ನುವ ಭರವಸೆ ಈ ಕ್ಯಾಮೆರಾದಲ್ಲಿ ಬೇಡ. ಆ ಒಂದು ಕ್ಷಣಕ್ಕೆ ಒಂದೇ ಕ್ಲಿಕ್ ಅಂತ ತಯಾರಾಗಿ.

ಸೆಟ್ಟಿಂಗ್: ಆಟೊಫೋಕಸ್ ‘ಎಐ ಸರ್ವೊ’ದಲ್ಲಿರಲಿ, ಅದು ಓಡುವುದನ್ನು ಬಿಡದೆ ಹಿಂಬಾಲಿಸುತ್ತದೆ. ಒಮ್ಮೆ ಫೋಕಸ್ ಮಾಡಿ ನಿಂತುಬಿಡುವ ಒನ್ ಶಾಟ್ ಬೇಡ. ಎಐ ಫೋಕಸ್ ಎಂಬ ಮೂರನೆಯದೂ ಬೇಡ, ಅದು ನಿಂತಿದೆಯೋ ಓಡುತ್ತಿದೆಯೋ ಅಂತ ಯೋಚನೆ ಮಾಡುತ್ತಾ ಕೂರುತ್ತದೆ. ಒಂಬತ್ತು ಫೋಕಸ್ ಬಿಂದುಗಳಲ್ಲಿ ನಡುವಿನದ್ದೊಂದೇ ಕ್ರಾಸ್ ಮಾದರಿಯದ್ದು (ಅಡ್ಡ, ಉದ್ದ ಎರಡೂ ಗೆರೆ ಗುರುತಿಸುತ್ತದೆ), ನಂಬಿಕಸ್ಥ. ಅದನ್ನೊಂದೇ ಆರಿಸಿ. ಎಲ್ಲ ಬಿಂದುಗಳನ್ನೂ ಬಿಟ್ಟರೆ ಎದುರಿಗೆ ಚಿಮ್ಮುವ ನೀರನ್ನೇ ಕ್ಯಾಮೆರಾ ಹಿಡಿದುಕೊಳ್ಳುತ್ತದೆ. ಕೋಣ ಗಂತು ಬಿಟ್ಟ ಕೂಡಲೇ ಫೋಕಸ್ ಶುರು ಮಾಡಿ, ಬರುವವರೆಗೂ ಬಿಡಬೇಡಿ. ನಾಯಿಗೆ ವಾಸನೆ ಹಿಡಿಸಿದ ಹಾಗೆ, ಕ್ಯಾಮೆರಾಕ್ಕೂ ಗುರಿ ಹಿಡಿಯಲು ಸ್ವಲ್ಪ ಸಮಯ ಕೊಡಬೇಕು.

ಬೆಳಕಿನ ವಿಷಯ. ಒಳ್ಳೆಯ ಬಿಸಿಲಿದ್ದರೆ ಎಫ್ 5.6, ಐಎಸ್‌ಒ 400ಕ್ಕೆ 1/3200 ಆರಾಮಾಗಿ ಸಿಗುತ್ತದೆ. ಮೋಡ ಕವಿದರೆ, ಸಂಜೆಯಾದರೆ ಐಎಸ್‌ಒ 1600ಕ್ಕೆ ಹೋಗಿ, 1/1000ಕ್ಕಿಂತ ಕೆಳಗೆ ಇಳಿಯಬೇಡಿ. ನೀರು ಎಷ್ಟು ಎತ್ತರ ಚಿಮ್ಮಿತು ಅಂತ ನೋಡುವ ಕನೆಹಲಗೆ ಸ್ಪರ್ಧೆಯಲ್ಲಿ ಮೇಲೆ ಕಟ್ಟಿದ ನಿಶಾನೆಗೆ ಹಾರುವ ನೀರಿನ ಹನಿ ಹನಿಯೂ ಬೇಕಿದ್ದರೆ 1/2000 ಬೇಕು. ಇನ್ನೊಂದು: ಕೋಣ ಕಪ್ಪು. ಚೌಕಟ್ಟಿನ ತುಂಬ ಕಪ್ಪು ಬಂದರೆ ಬೆಳಕು ಅಳೆಯುವ ಮೀಟರ್ ಹೆದರಿ ಬೆಳಕು ಜಾಸ್ತಿ ಮಾಡುತ್ತದೆ, ನೀರು ಬರೀ ಬಿಳಿಯಾಗುತ್ತದೆ. ಹಾಗಾಗಿ ಎಂ ಮೋಡ್‌ನಲ್ಲಿ ಎಲ್ಲವನ್ನೂ ನೀವೇ ಒಮ್ಮೆ ಸರಿ ಮಾಡಿಕೊಂಡು ಬಿಟ್ಟುಬಿಡಿ. ಬಿಸಿಲು ಬದಲಾದಾಗ ಮಾತ್ರ ಮುಟ್ಟಿ.

ನಿಮ್ಮ ಕ್ಯಾಮೆರಾ, ಲೆನ್ಸ್ ಎರಡಕ್ಕೂ ನೀರಿನಿಂದ ರಕ್ಷಣೆ ಇಲ್ಲ. ಪ್ಲಾಸ್ಟಿಕ್ ಕವರಿಗೆ ತೂತು ಮಾಡಿ ರಬ್ಬರ್ ಬ್ಯಾಂಡ್ ಹಾಕಿದರೆ ಸಾಕು. ಕೆಸರು ಬಿದ್ದರೆ ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಮರಳಿನ ಕಣ ಗಾಜನ್ನು ಗೀರುತ್ತದೆ. ಮೊದಲು ಗಾಳಿ ಊದುವ ಬ್ಲೋವರ್, ಆಮೇಲೆ ಒದ್ದೆ ಬಟ್ಟೆ.

ಪ್ರಶ್ನೆ: ನಿಕಾನ್ ಡಿ3500. ಬಟನ್ ಒತ್ತಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಕ್ಲಿಕ್ ಆಗುತ್ತದೆ. ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಕ್ಯಾಮೆರಾ ಹಾಳಾಗಿದೆಯಾ?
– ಗೃಹಿಣಿ, ತುಮಕೂರು

ಹಾಳಾಗಿಲ್ಲ. ಮೂರು ವಿಷಯ ನೋಡಿ. ಹಿಂದಿನ ಪರದೆ ನೋಡಿಕೊಂಡು, ಅಂದರೆ ಲೈವ್ ವ್ಯೂನಲ್ಲಿ ತೆಗೆಯುತ್ತಿದ್ದೀರಾ? ಈ ಕ್ಯಾಮೆರಾದಲ್ಲಿ ಅಲ್ಲಿ ಫೋಕಸ್ ತುಂಬ ನಿಧಾನ. ಓಡುವುದಕ್ಕೆಲ್ಲ ವ್ಯೂಫೈಂಡರಿಗೇ ಕಣ್ಣು ಇಡಿ. ಎರಡನೆಯದು, ಫೋಕಸ್ ಒಮ್ಮೆ ಮಾತ್ರ ಕೂರಿಸುವ ಎಎಫ್-ಎಸ್‌ನಲ್ಲಿದ್ದರೆ ಫೋಕಸ್ ಕೂರದೆ ಕ್ಲಿಕ್ ಆಗುವುದೇ ಇಲ್ಲ. ಬಿಡದೆ ಹಿಂಬಾಲಿಸುವ ಎಎಫ್-ಸಿಗೆ ಬದಲಿಸಿ. ಮೂರನೆಯದನ್ನು ಯಾರೂ ನೋಡುವುದಿಲ್ಲ: ಫ್ಲ್ಯಾಶ್‌ನ ರೆಡ್ ಐ ರಿಡಕ್ಷನ್ (ಕಣ್ಣು ಕೆಂಪಾಗಿ ಬರದಂತೆ ತಡೆಯುವುದು) ಆನ್ ಇದ್ದರೆ ಮುಂದಿನ ದೀಪ ಮೊದಲು ಉರಿದು, ಆಮೇಲೆ ಫೋಟೊ. ಆ ಕಣ್ಣಿನ ಗುರುತು ಇರುವ ಸೆಟ್ಟಿಂಗ್ ತೆಗೆದುಹಾಕಿ.

ಪ್ರಶ್ನೆ: ಬ್ಯಾಕ್ ಬಟನ್ ಫೋಕಸ್ ಅಂತ ಎಲ್ಲರೂ ಹೇಳುತ್ತಾರೆ. ನನ್ನ 1500ಡಿಯಲ್ಲಿ ಅಂಥ ಬಟನ್ನೇ ಇಲ್ಲ.
– ಖಾಸಗಿ ಕಂಪನಿ ನೌಕರ, ಹುಬ್ಬಳ್ಳಿ

ಇದೆ, ಬೇರೆ ಹೆಸರಿನಲ್ಲಿ. ಫೋಕಸ್ ಕೆಲಸವನ್ನು ಮೇಲಿನ ಬಟನ್ನಿನಿಂದ ತೆಗೆದು ಹಿಂದಿನ ಬಟನ್ನಿಗೆ ಕೊಡುವುದೇ ಬ್ಯಾಕ್ ಬಟನ್ ಫೋಕಸ್. ಹೆಬ್ಬೆರಳ ಹತ್ತಿರ ನಕ್ಷತ್ರದ ಗುರುತಿನ ಬಟನ್ ನೋಡಿ. ಮೆನುವಿನ ಕಸ್ಟಮ್ ಫಂಕ್ಷನ್‌ನಲ್ಲಿ ‘ಶಟರ್/ಎಇ ಲಾಕ್ ಬಟನ್’ ಅಂತ ಒಂದು ಸಾಲಿದೆ. ಅದನ್ನು 3ಕ್ಕೆ ಇಟ್ಟರೆ ಫೋಕಸ್ ನಕ್ಷತ್ರದ ಬಟನ್ನಿಗೆ ಹೋಗುತ್ತದೆ, ಮೇಲಿನ ಬಟನ್ನಿಗೆ ಕ್ಲಿಕ್ ಮಾತ್ರ. ನಿಕಾನ್ ಡಿ3500ರವರಿಗೆ ಸೆಟಪ್ ಮೆನುವಿನ ಬಟನ್ಸ್ ಸಾಲಿನಲ್ಲಿ ‘ಎಇ-ಎಲ್/ಎಎಫ್-ಎಲ್’ ಬಟನ್ನನ್ನು ‘ಎಎಫ್-ಆನ್’ ಮಾಡಬಹುದು.

ಲಾಭ ಏನು? ಎಐ ಸರ್ವೊದಲ್ಲೇ ಕ್ಯಾಮೆರಾ ಇಟ್ಟು, ಓಡುವುದಕ್ಕೆ ಬಟನ್ ಒತ್ತಿ ಹಿಡಿಯುವುದು, ನಿಂತದ್ದಕ್ಕೆ ಒಮ್ಮೆ ಒತ್ತಿ ಬಿಡುವುದು. ಕಬಡ್ಡಿಯಲ್ಲಿ ಅಂಪೈರ್ ಅಡ್ಡ ಬಂದರೆ ಹೆಬ್ಬೆರಳು ಎತ್ತಿದರಾಯಿತು, ಫೋಕಸ್ ಅಲ್ಲೇ ನಿಲ್ಲುತ್ತದೆ. ಮೊದಲ ಒಂದು ವಾರ ಸಿಟ್ಟು ಬರುತ್ತದೆ. ಮನೆಯವರ ಕೈಗೆ ಕ್ಯಾಮೆರಾ ಕೊಟ್ಟರೆ ಅವರ ಫೋಟೊ ಒಂದೂ ಫೋಕಸ್ ಆಗುವುದಿಲ್ಲ, ಅದಕ್ಕೆ ನಿಮಗೆ ಬೈಗುಳ. ಅಷ್ಟಾದರೂ ಮಾಡಿ.

ಪ್ರಶ್ನೆ: ಯಕ್ಷಗಾನದ ಫೋಟೊ ತೆಗೆಯುತ್ತೇನೆ. ಧೀಂಗಿಣ (ಸುತ್ತುತ್ತಾ ನೆಗೆಯುವ ಕುಣಿತ) ಹಾಕುವಾಗ ಎಲ್ಲ ಮಸುಕು. ಶಟರ್ ಏರಿಸಿದರೆ ಕಪ್ಪು, ಜೊತೆಗೆ ಅಡ್ಡಡ್ಡ ಪಟ್ಟಿ. ಊರಿನ ಒಳಾಂಗಣ ಬ್ಯಾಡ್ಮಿಂಟನ್‌ನಲ್ಲೂ ಇದೇ ಗೋಳು.
– ಶಿಕ್ಷಕರು, ಹೊನ್ನಾವರ

ನಿಮ್ಮ ಪತ್ರ ನೋಡಿ ಖುಷಿಯಾಯಿತು. ನನಗೆ ಕಂಬಳಕ್ಕಿಂತ ಯಕ್ಷಗಾನ ಆಟದ ರಂಗಸ್ಥಳವೇ ಜಾಸ್ತಿ ಇಷ್ಟ. ಪತ್ರಿಕೆಯ ಕೆಲಸದಲ್ಲಿದ್ದಾಗ ಸಂಜೆಯ ಸಭೆಯ ಫೋಟೊ ಕಳಿಸಿ, ರಾತ್ರಿ ಸೀದಾ ವೇಷ ಕಟ್ಟುವ ಚೌಕಿಗೆ ಹೋಗುತ್ತಿದ್ದೆ.

ಪಟ್ಟಿಯ ಕಾರಣ ಮೊದಲು ಹೇಳುತ್ತೇನೆ. ನಮ್ಮ ಕರೆಂಟು 50 ಹರ್ಟ್ಸ್. ಅದರಿಂದ ನೇರ ಉರಿಯುವ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣುವುದಿಲ್ಲ. ಕ್ಯಾಮೆರಾದ ಶಟರ್ 1/500ಕ್ಕೆ ತೆರೆದರೆ ಆ ಮಿನುಗಿನ ಒಂದು ಚೂರು ಮಾತ್ರ ಸಿಗುತ್ತದೆ. ಒಂದು ಫ್ರೇಮ್ ಬೆಳ್ಳಗೆ, ಮುಂದಿನದು ಕಂದು. ವೇಗದ ಶಟರಿನಲ್ಲಿ ಅದರ ಪರದೆ ಇಡೀ ಸೆನ್ಸರನ್ನು ಒಟ್ಟಿಗೆ ತೆರೆಯುವುದಿಲ್ಲ, ಸೀಳು ಸರಿದಂತೆ ಸರಿಯುತ್ತದೆ. ಅದು ಸರಿಯುತ್ತಿರುವಾಗಲೇ ಬೆಳಕು ಮಿನುಗಿದರೆ ಪಟ್ಟಿ ಬೀಳುತ್ತದೆ. 1/100ಕ್ಕೆ ಇಳಿಸಿದರೆ ಪಟ್ಟಿ ಹೋಗುತ್ತದೆ, ಆದರೆ ಆಟ ಮಸುಕು. ಕ್ಯಾನನ್ 80ಡಿ, 7ಡಿ ಮಾರ್ಕ್ 2, ನಿಕಾನ್ ಡಿ500ರಂಥವುಗಳಲ್ಲಿ ಆ್ಯಂಟಿ ಫ್ಲಿಕರ್ ಇದೆ. ಮಿನುಗಿನ ಬೆಳಕು ಅತಿ ಹೆಚ್ಚಿರುವಾಗಲೇ ಕ್ಲಿಕ್ ಮಾಡುತ್ತದೆ. ನಿಮ್ಮದರಲ್ಲಿ ಇಲ್ಲದಿದ್ದರೆ 1/200, 1/250 ಹೀಗೆ ಕೆಲವು ವೇಗ ಪ್ರಯತ್ನಿಸಿ, ಆ ರಂಗಸ್ಥಳದ ದೀಪಕ್ಕೆ ಯಾವುದು ಕಡಿಮೆ ಕೆಟ್ಟದ್ದೋ ನೋಡಿ. ಹಳೆಯ ಹ್ಯಾಲೊಜನ್ ದೀಪದವರಿಗೆ ಈ ತಲೆನೋವು ಇರಲಿಲ್ಲ, ಅದರ ತಂತಿ ಅಷ್ಟು ಬೇಗ ತಣ್ಣಗಾಗುವುದೇ ಇಲ್ಲ.

1/250ಕ್ಕೆ ನೆಗೆತ ಹಿಡಿಯಬಹುದಾ? ಹಿಡಿಯಬಹುದು, ತುದಿ ಹಿಡಿದರೆ. ಮೇಲೆ ನೆಗೆದ ದೇಹ ತುದಿಯಲ್ಲಿ ಒಂದು ಗಳಿಗೆ ನಿಂತೇ ನಿಲ್ಲುತ್ತದೆ. ಲೆಕ್ಕ ಹಾಕಿದರೆ ತುದಿ ಮುಟ್ಟುವುದಕ್ಕೆ 1/10 ಸೆಕೆಂಡ್ ಮೊದಲಿನಿಂದ ತುದಿಯವರೆಗೆ ಏರುವುದು 5 ಸೆಂಟಿಮೀಟರ್ ಅಷ್ಟೇ, ಇಳಿಯುವಾಗಲೂ ಅಷ್ಟೇ. ಅಂದರೆ 1/5 ಸೆಕೆಂಡಿನ ಒಂದು ಕಿಟಕಿ ನಿಮಗೆ ಸಿಗುತ್ತದೆ. ಆ ಕಿಟಕಿ ಯಾವಾಗ ತೆರೆಯುತ್ತದೆ ಅಂತ ಕ್ಯಾಮೆರಾ ಹೇಳುವುದಿಲ್ಲ, ಚಂಡೆ ಹೇಳುತ್ತದೆ. ಪ್ರಸಂಗ ಗೊತ್ತಿದ್ದವರಿಗೆ, ಭಾಗವತರ ಪದ ಎಲ್ಲಿ ಏರುತ್ತದೆ ಅಂತ ಗೊತ್ತಿದ್ದವರಿಗೆ ಬೆರಳು ಮೊದಲೇ ತಯಾರಿರುತ್ತದೆ. ಧೀಂಗಿಣದಲ್ಲಿ ತಿರುಗುವುದು ತುದಿಯಲ್ಲೂ ನಿಲ್ಲುವುದಿಲ್ಲ ಅನ್ನಿ. ಆದರೆ ಮುಖ ನಮ್ಮ ಕಡೆ ಬಂದ ಗಳಿಗೆಯಲ್ಲಿ ಒತ್ತಿದರೆ ಬಟ್ಟೆಯ ಅಂಚು ಸ್ವಲ್ಪ ಎಳೆದಂತಾದರೂ ಚಂದವೇ. ಪೂರ್ತಿ ಕಲ್ಲಾಗಿ ನಿಂತ ಧೀಂಗಿಣ ನನಗೆ ಹಿಡಿಸುವುದಿಲ್ಲ.

ಬ್ಯಾಡ್ಮಿಂಟನ್‌ಗೂ ಇದೇ ಸೂತ್ರ, ಸ್ಮ್ಯಾಶ್‌ಗೆ ನೆಗೆದ ತುದಿ. ಆದರೆ ರಾಕೆಟ್ ನಿಲ್ಲಬೇಕಿದ್ದರೆ 1/1000 ಬೇಕು, ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸಿನಲ್ಲಿ ಅಷ್ಟು ಬೆಳಕು ಬರುವುದಿಲ್ಲ. 50 ಎಂಎಂ ಎಫ್ 1.8 ಲೆನ್ಸ್ ತಗೊಳ್ಳಿ. ಎಫ್ 5.6ಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಹೊಸ ಕ್ಯಾಮೆರಾ ಕೊಟ್ಟರೂ ಇಷ್ಟು ವ್ಯತ್ಯಾಸ ಸಿಗುವುದಿಲ್ಲ. ನಿಕಾನ್‌ನ ಸಣ್ಣ ಕ್ಯಾಮೆರಾಗಳವರು ಲೆನ್ಸಿನ ಮೇಲೆ ಎಎಫ್-ಎಸ್ (ಮೇಲೆ ಹೇಳಿದ ಫೋಕಸ್ ಸೆಟ್ಟಿಂಗ್ ಅಲ್ಲ, ಲೆನ್ಸಿನ ಹೆಸರು) ಅಂತ ಬರೆದದ್ದನ್ನೇ ಕೇಳಿ ತಗೊಳ್ಳಿ. ಹಳೆಯ ಎಎಫ್-ಡಿ ಲೆನ್ಸು ಆ ಕ್ಯಾಮೆರಾಗಳಲ್ಲಿ ಆಟೊಫೋಕಸ್ ಆಗುವುದಿಲ್ಲ, ಒಳಗೆ ಮೋಟಾರ್ ಇಲ್ಲ.

ಫ್ಲ್ಯಾಶ್ ಬೇಡ. ಕಲಾವಿದರಿಗೂ ಕಿರಿಕಿರಿ, ಹಿಂದೆ ಕೂತವರಿಗೂ ಕಿರಿಕಿರಿ.

ಪ್ರಶ್ನೆ: ರಂಗನತಿಟ್ಟಿನಲ್ಲಿ ಕೂತ ಹಕ್ಕಿ ಚೆನ್ನಾಗಿ ಬರುತ್ತದೆ. ಹಾರುವ ಹಕ್ಕಿ ಒಂದೂ ಬರುವುದಿಲ್ಲ. 1/2000 ಇಟ್ಟರೂ ಹಾಗೇ.
– ಬ್ಯಾಂಕ್ ನಿವೃತ್ತರು, ಮೈಸೂರು

1/2000 ಇಟ್ಟರೂ ಬರುತ್ತಿಲ್ಲ ಅಂದರೆ ಶಟರಿನ ಮೇಲಿನ ಅನುಮಾನ ಬಿಡಿ. ಹೆಜ್ಜಾರ್ಲೆಯಂಥ ದೊಡ್ಡ ಹಕ್ಕಿ ರೆಕ್ಕೆ ನಿಧಾನ ಬಡಿಯುತ್ತದೆ, 1/1000 ಸಾಕು. ಮಿಂಚುಳ್ಳಿಗೆ 1/3200 ಕೂಡ ಕೆಲವೊಮ್ಮೆ ಸಾಲುವುದಿಲ್ಲ. ನಿಮ್ಮ ತೊಂದರೆ ಬಹುಶಃ ಹಕ್ಕಿ ಹಾರಿದ ಮೇಲೆ ಹುಡುಕುವುದು. 400 ಎಂಎಂ ತೂತಿನೊಳಗೆ ಆಕಾಶದಲ್ಲಿ ಹಕ್ಕಿ ಹುಡುಕುವುದು ಯಾರಿಗೂ ಸುಲಭ ಅಲ್ಲ.

ಅದಕ್ಕೆ ಹಾರುವ ಮೊದಲೇ ತಯಾರಾಗಿ. ಹಕ್ಕಿ ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಗಾಳಿಯೂ ಬಿಸಿಲೂ ನಿಮ್ಮ ಬೆನ್ನ ಹಿಂದಿನಿಂದ ಬರುತ್ತಿದ್ದರೆ ಹಕ್ಕಿ ಮುಖ ನಿಮ್ಮ ಕಡೆಗೇ ಮಾಡಿ ಬರುತ್ತದೆ. ಮರದ ಎಲೆ ನೋಡಿದರೆ ಗೊತ್ತಾಗುತ್ತದೆ. ಏಳುವ ಮುಂಚೆ ಎಷ್ಟೋ ಹಕ್ಕಿಗಳು ಮೈ ತಗ್ಗಿಸುತ್ತವೆ, ಹಿಕ್ಕೆ ಹಾಕಿ ಹಗುರಾಗುತ್ತವೆ. ನಗಬೇಡಿ, ಇದಕ್ಕಿಂತ ಒಳ್ಳೆಯ ಸೂಚನೆ ಇನ್ನೊಂದಿಲ್ಲ. ಗೂಡು ಕಟ್ಟುವ ಕಾಲದಲ್ಲಿ ಬಣ್ಣದ ಕೊಕ್ಕರೆ ಕಡ್ಡಿ ಹಿಡಿದು ಒಂದೇ ದಾರಿಯಲ್ಲಿ ಮತ್ತೆ ಮತ್ತೆ ಬರುತ್ತದೆ. ಮೊದಲೆರಡು ಸಲ ಸುಮ್ನೆ ನೋಡಿ. ಮೂರನೇ ಸಲ ಅದು ತಿರುಗುವ ಜಾಗದಲ್ಲಿ ನಿಮ್ಮ ಲೆನ್ಸ್ ಕಾಯುತ್ತಿರಲಿ. ಕೊಕ್ಕರೆಬೆಳ್ಳೂರಿನಲ್ಲಿ ಊರ ಮರಗಳ ಮೇಲೇ ಗೂಡುಗಳಿರುವುದರಿಂದ ನೆಲದ ಮೇಲೆ ನಿಂತು ಅಭ್ಯಾಸ ಮಾಡಬಹುದು, ದೋಣಿಯ ಕುಲುಕಾಟ ಇಲ್ಲ. ಕಪ್ಪು-ಬಿಳಿ ಮಿಂಚುಳ್ಳಿ ಇನ್ನೂ ಒಳ್ಳೆಯ ಮೇಷ್ಟ್ರು. ನೀರಿಗೆ ಧುಮುಕುವ ಮೊದಲು ಗಾಳಿಯಲ್ಲೇ ರೆಕ್ಕೆ ಬಡಿಯುತ್ತಾ ಒಂದೇ ಕಡೆ ನಿಲ್ಲುತ್ತದೆ. ಅಷ್ಟು ಹೊತ್ತಿನಲ್ಲಿ ಫೋಕಸ್ ಕೂರಿಸಿ.

ಜೂಮ್ ಪೂರ್ತಿ ಎಳೆಯಬೇಡಿ. ಸ್ವಲ್ಪ ಅಗಲವಾಗಿಟ್ಟು ಹಕ್ಕಿ ಸಿಕ್ಕ ಮೇಲೆ ಎಳೆಯಿರಿ. ಎಕ್ಸ್‌ಪೋಷರ್ ಎಂ ಮೋಡ್‌ನಲ್ಲಿ. ಯಾಕೆ ಅಂದರೆ ಅದೇ ಬೆಳಕಿನಲ್ಲಿ ಹಕ್ಕಿ ಒಮ್ಮೆ ಬಿಳಿ ಆಕಾಶದ ಮುಂದೆ, ಒಮ್ಮೆ ಕಪ್ಪು ಮರದ ಮುಂದೆ ಹಾರುತ್ತದೆ. ಆಟೊ ಮೋಡ್ ಪ್ರತಿ ಸಲ ಮನಸ್ಸು ಬದಲಿಸುತ್ತದೆ. ಹಕ್ಕಿಯ ಮೇಲೆ ಬಿದ್ದ ಬಿಸಿಲು ಮಾತ್ರ ಬದಲಾಗಿರುವುದಿಲ್ಲ.

ಮಧ್ಯಾಹ್ನ ಹನ್ನೊಂದರ ಮೇಲೆ ತೆಗೆದದ್ದು ಎಲ್ಲ ಸರಿ ಇದ್ದರೂ ಮೆತ್ತಗಿದ್ದರೆ ಅದು ಬಿಸಿಲ ಝಳ. ಕಾದ ಬಂಡೆ, ನೀರಿನ ಮೇಲಿನ ಗಾಳಿ ಕುದಿಯುತ್ತಿರುತ್ತದೆ. ಅದಕ್ಕೆ ಯಾವ ಶಟರೂ ಮದ್ದಲ್ಲ. ಬೆಳಿಗ್ಗೆ ಮೊದಲ ದೋಣಿಗೆ ಹೋಗಿ. ಭದ್ರಾ ಹಿನ್ನೀರಿನ ನೀರಹಕ್ಕಿ ರಿವರ್ ಟರ್ನ್‌ಗಳಿಗೂ ಇದೇ ಮಾತು. ಆದರೆ ಅಲ್ಲಿ ಬೇಸಿಗೆಯಲ್ಲಿ ನಡುಗಡ್ಡೆಯ ಬರೀ ನೆಲದ ಮೇಲೆ ಮೊಟ್ಟೆ ಇರುತ್ತದೆ. ಹತ್ತಿರ ಹೋಗು ಅಂತ ದೋಣಿಯವರನ್ನು ಪೀಡಿಸಬೇಡಿ. ತಾಯಿ ಎದ್ದು ಹೋದರೆ ಆ ಬಿಸಿಲಿಗೆ ಮೊಟ್ಟೆ ಬೇಯುತ್ತದೆ.

ಪ್ರಶ್ನೆ: ಸೈಕಲ್ ರೇಸಿನಲ್ಲಿ 1/2000ಕ್ಕೆ ತೆಗೆದರೆ ಸೈಕಲ್ ನಿಂತೇ ಇದೆ ಅನ್ನಿಸುತ್ತದೆ. ಹಿನ್ನೆಲೆ ಓಡುವ ಹಾಗೆ ತೆಗೆಯುವುದು ಹೇಗೆ?
– ಹವ್ಯಾಸಿ, ವಿಜಯಪುರ

ನಿಮ್ಮದು ಸೈಕಲ್ಲಿನ ಊರು, ವಿಜಯಪುರ-ಬಾಗಲಕೋಟೆಯವರಿಗೆ ಅಭ್ಯಾಸಕ್ಕೆ ಸವಾರರಿಗೇನೂ ಬರ ಇಲ್ಲ. ಇದಕ್ಕೆ ಪ್ಯಾನಿಂಗ್ ಅನ್ನುತ್ತಾರೆ. ಶಟರ್ 1/60ಕ್ಕೆ ಇಳಿಸಿ ಶುರು ಮಾಡಿ, ಕೈ ಪಳಗಿದ ಮೇಲೆ 1/30. ರಸ್ತೆಗೆ ನೇರ ಪಕ್ಕದಲ್ಲಿ ನಿಲ್ಲಿ. ಸವಾರ ನಿಮ್ಮ ಎದುರು ಬರುವ ಜಾಗಕ್ಕೆ ಪಾದ ತಿರುಗಿಸಿ ನಿಂತು, ಸೊಂಟದಿಂದ ಮೇಲಿನ ಮೈಯನ್ನಷ್ಟೇ ಹಿಂದಕ್ಕೆ ತಿರುಗಿಸಿ ಅವನನ್ನು ಹಿಡಿಯಿರಿ. ಜೊತೆಗೇ ತಿರುಗುತ್ತಾ ಬನ್ನಿ, ಎದುರು ಬಂದಾಗ ಒತ್ತಿ, ಒತ್ತಿದ ಮೇಲೂ ತಿರುಗುತ್ತಲೇ ಇರಿ. ಕ್ಲಿಕ್ ಆದ ಕೂಡಲೇ ನಿಂತುಬಿಡುವುದೇ ಎಲ್ಲರೂ ಮಾಡುವ ತಪ್ಪು.

ಮಧ್ಯಾಹ್ನ ಇದನ್ನು ಮಾಡಲು ಹೋದರೆ ಚಿತ್ರ ಬೆಳ್ಳಗೆ ಹೊಡೆಯುತ್ತದೆ. ನೆತ್ತಿ ಬಿಸಿಲಿಗೆ ಐಎಸ್‌ಒ 100ರಲ್ಲಿ ಎಫ್ 16 ಇಟ್ಟರೂ 1/100 ಬರುತ್ತದೆ. 1/30ಕ್ಕೆ ಇಳಿಯಬೇಕಿದ್ದರೆ ಎನ್‌ಡಿ ಫಿಲ್ಟರ್ ಬೇಕು, ಲೆನ್ಸಿನ ಮುಂದೆ ಹಾಕುವ ಬೆಳಕು ತಡೆಯುವ ಗಾಜು ಅದು. ಪೋಲರೈಸರ್ ಇದ್ದರೆ ಅದನ್ನೇ ಹಾಕಿ, ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಕಡಿಮೆಯಾದರೆ ಬೆಳಕು ಅರ್ಧ) ಬೆಳಕು ಕುಡಿಯುತ್ತದೆ. ಇಲ್ಲವೇ ಬೆಳಿಗ್ಗೆ ಬೇಗ ಹೋಗಿ, ಖರ್ಚಿಲ್ಲ. ದೊಡ್ಡ ಲೆನ್ಸುಗಳಲ್ಲಿ ಕೈಯ ಅಲುಗಾಟ ತಡೆಯುವ ಸ್ಟೆಬಿಲೈಸರಿನ ‘ಮೋಡ್ 2’ ಪ್ಯಾನಿಂಗಿಗೆಂದೇ ಇರುವುದು. ನಿಕಾನ್‌ನವರು ವಿಆರ್ (ಅವರ ಸ್ಟೆಬಿಲೈಸರ್) ನಾರ್ಮಲ್‌ನಲ್ಲಿಡಿ. ಆ್ಯಕ್ಟಿವ್ ಅನ್ನುವುದು ನೀವೇ ಓಡುವ ಜೀಪಿನಲ್ಲಿ ಕೂತಾಗ.

ಹಿನ್ನೆಲೆ ಆರಿಸಿಕೊಳ್ಳಿ. ಬರೀ ಆಕಾಶದ ಮುಂದೆ ಪ್ಯಾನ್ ಮಾಡಿದರೆ ಓಟವೇ ಕಾಣುವುದಿಲ್ಲ. ಬಣ್ಣಬಣ್ಣದ ಜನ, ಅಂಗಡಿ ಸಾಲು, ಜೋಳದ ಹೊಲ ಇರಬೇಕು.

ಪ್ರಶ್ನೆ: ಮೊದಲ ಬಾರಿಗೆ ಓಡುವ ಪ್ರಾಣಿಯ ಫೋಟೊ ತೆಗೆದವರು ಯಾರು? ಆಗ ಇಂಥ ಕ್ಯಾಮೆರಾ ಇರಲಿಲ್ಲವಲ್ಲ.
– ಒಂಬತ್ತನೇ ತರಗತಿ, ಶಿವಮೊಗ್ಗ

ಮೊದಲಿಗ ಅಂತ ಒಬ್ಬರ ಹೆಸರು ಬರೆಯುವುದಿಲ್ಲ, ಆದರೆ ಜಗತ್ತನ್ನು ಬೆರಗು ಮಾಡಿದವರು ಎಡ್ವರ್ಡ್ ಮೈಬ್ರಿಜ್. 1878ರ ಜೂನ್‌ನಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿ, ಲೆಲಂಡ್ ಸ್ಟ್ಯಾನ್‌ಫರ್ಡ್ ಅನ್ನುವ ಶ್ರೀಮಂತರ ಕುದುರೆ ಲಾಯದ ಓಟದ ಹಾದಿಯ ಪಕ್ಕ 12 ಕ್ಯಾಮೆರಾ ಸಾಲಾಗಿ ಇಟ್ಟರು. ಹಾದಿಗೆ ಅಡ್ಡವಾಗಿ ದಾರ. ಸ್ಯಾಲಿ ಗಾರ್ಡ್‌ನರ್ ಎಂಬ ಕುದುರೆ ಓಡುತ್ತಾ ಒಂದೊಂದೇ ದಾರ ತಾಗಿಸಿದಂತೆ ಒಂದೊಂದೇ ಕ್ಯಾಮೆರಾ ಕ್ಲಿಕ್ಕಾಯಿತು. ಓಡುವ ಕುದುರೆಯ ನಾಲ್ಕೂ ಕಾಲು ಒಮ್ಮೆ ನೆಲ ಬಿಡುತ್ತವೆ ಅಂತ ಅದರಿಂದ ಎಲ್ಲರಿಗೂ ಕಂಡಿತು. ತಮಾಷೆ ಏನೆಂದರೆ, ಚಿತ್ರಕಾರರು ಬರೆಯುತ್ತಿದ್ದ ಹಾಗೆ ಕಾಲು ಹಿಂದೆ ಮುಂದೆ ಚಾಚಿದಾಗ ಅಲ್ಲ, ಹೊಟ್ಟೆಯ ಕೆಳಗೆ ಮಡಚಿಕೊಂಡಾಗ. ಕೋಣದ್ದು ಹೇಗಿರುತ್ತದೆ? ನಿನ್ನ ಅಪ್ಪನ ಕ್ಯಾಮೆರಾ ತಗೊಂಡು ನೋಡಿ ನನಗೆ ಬರೆ.

ಪ್ರಶ್ನೆ: ಏರೋ ಇಂಡಿಯಾದಲ್ಲಿ ತೆಗೆದ ಹೆಲಿಕಾಪ್ಟರ್‌ಗಳೆಲ್ಲ ಆಟಿಕೆಯ ಹಾಗೆ ಕಾಣುತ್ತಿವೆ. ಶಾರ್ಪ್ ಇದ್ದರೂ ಜೀವ ಇಲ್ಲ.
– ಐಟಿ ಉದ್ಯೋಗಿ, ಯಲಹಂಕ

ಬಹುಶಃ 1/2000 ಇಟ್ಟಿದ್ದೀರಿ. ಮೇಲಿನ ರೆಕ್ಕೆ ನಿಂತುಬಿಟ್ಟಿದೆ, ದಾರ ಕಟ್ಟಿ ನೇತುಹಾಕಿದ ಹಾಗೆ. ವಾಯುಪಡೆಯ ಸಾರಂಗ್ ಹೆಲಿಕಾಪ್ಟರ್ ತಂಡದ ಧ್ರುವ್‌ಗಳಿಗೆ 1/125ರಿಂದ 1/250 ಸಾಕು. ರೆಕ್ಕೆ ತಿರುಗಿದ ಗುರುತು ಬರುತ್ತದೆ, ಮೈ ಶಾರ್ಪ್ ಇರುತ್ತದೆ. ಅಷ್ಟು ಕಡಿಮೆಗೆ ಕೈ ಗಟ್ಟಿ ಬೇಕು, ಜೊತೆಯಲ್ಲೇ ಪ್ಯಾನ್ ಮಾಡಬೇಕು. ಪ್ರೊಪೆಲ್ಲರ್ ವಿಮಾನಕ್ಕೂ ಹಾಗೇ. ಸೂರ್ಯಕಿರಣ ತಂಡದ ಹಾಕ್ ಜೆಟ್‌ಗಳಿಗೆ ಈ ನಿಯಮ ಇಲ್ಲ, 1/1600ರ ಮೇಲೆ ಎಷ್ಟಾದರೂ ಇಡಿ. ಎರಡು ಜೆಟ್ ಎದುರುಬದುರಾಗಿ ದಾಟುವಾಗ ಎರಡನ್ನೂ ನೋಡಲು ಹೋಗಬೇಡಿ. ಒಂದನ್ನೇ ಬಿಡದೆ ಹಿಡಿಯಿರಿ, ಇನ್ನೊಂದು ತಾನಾಗಿ ಚೌಕಟ್ಟಿನೊಳಗೆ ಬರುತ್ತದೆ. ಆಕಾಶ ಬೆಳ್ಳಗಿದ್ದರೆ ಎಕ್ಸ್‌ಪೋಷರ್ ಪ್ಲಸ್ 1.

ಪ್ರಶ್ನೆ: ನಮ್ಮ ಒಂದೂವರೆ ವರ್ಷದ ಮಗಳು ಒಂದು ನಿಮಿಷ ನಿಲ್ಲುವುದಿಲ್ಲ. ಮನೆಯೊಳಗೆ 50 ಎಂಎಂ, ಎಫ್ 1.8. ಎಲ್ಲ ಫೋಟೊದಲ್ಲೂ ಕಿವಿ ಶಾರ್ಪ್, ಕಣ್ಣು ಮಸುಕು.
– ತಾಯಿ, ದಾವಣಗೆರೆ

ಒಂದೂವರೆ ಮೀಟರ್ ದೂರದಲ್ಲಿ ಎಫ್ 1.8ಕ್ಕೆ ಶಾರ್ಪ್ ಇರುವ ಆಳ ಸುಮಾರು 6 ಸೆಂಟಿಮೀಟರ್. ಫೋಕಸ್ ಕೂತ ಮೇಲೆ ಮಗು ಒಂದು ಹೆಜ್ಜೆ ಇಟ್ಟರೂ ಮುಗಿಯಿತು. ಎಫ್ 2.8 ಮಾಡಿ, ಐಎಸ್‌ಒ 3200 ಆದರೂ ಪರವಾಗಿಲ್ಲ, ಶಟರ್ 1/500. ಕಾಳು ಕಾಳು ಬಂದರೆ ಬರಲಿ. ಮಗಳ ಫೋಟೊ ನೋಡಿ ಯಾವ ಅಜ್ಜಿಯೂ ಕಾಳು ಎಣಿಸುವುದಿಲ್ಲ. ಕಿಟಕಿಯ ಹತ್ತಿರ ನೆಲದ ಮೇಲೆ ಕೂತುಕೊಳ್ಳಿ. ಮಗು ಎಲ್ಲಿ ಹೋದರೂ ಕಿಟಕಿಯ ಕಡೆ ಮತ್ತೆ ಬರುತ್ತದೆ.

ಪ್ರಶ್ನೆ: ಸರ್, 1500ಡಿ ಮಾರಿ ಯಾವ ಕ್ಯಾಮೆರಾ ತಗೊಳ್ಳಲಿ? ಡಿಎಸ್‌ಎಲ್‌ಆರ್ ಕಾಲ ಮುಗಿಯಿತು ಅನ್ನುತ್ತಾರೆ.
– ಅನೇಕರು

ಕ್ಯಾನನ್, ನಿಕಾನ್ ಕಡೆಯಿಂದ ಒಳಗೆ ಕನ್ನಡಿ ಇರುವ ಹೊಸ ಡಿಎಸ್‌ಎಲ್‌ಆರ್ ಮಾದರಿ ಬರುವುದು ನಿಂತಿದೆ, ನಿಜ. ಕ್ಯಾನನ್‌ನ 1ಡಿ ಎಕ್ಸ್ ಮಾರ್ಕ್ 3, ನಿಕಾನ್‌ನ ಡಿ6 ಎರಡೂ 2020ರವು. ಅಲ್ಲಿಂದ ಮುಂದೆ ಅವರ ಗಮನ ಕನ್ನಡಿ ಇಲ್ಲದ ಮಿರರ್‌ಲೆಸ್ ಕಡೆ. ಹಕ್ಕಿಯ ಕಣ್ಣನ್ನೇ ಹುಡುಕಿ ಹಿಡಿಯುವ ಮಿರರ್‌ಲೆಸ್‌ಗಳು ನಿಜಕ್ಕೂ ಕೆಲಸ ಸುಲಭ ಮಾಡುತ್ತವೆ, ಅದನ್ನು ಅಲ್ಲಗಳೆಯುವುದಿಲ್ಲ. ಕ್ಯಾನನ್‌ನವರ ಹಳೆಯ ಲೆನ್ಸ್ ಕೂಡ ಅಡಾಪ್ಟರ್ ಹಾಕಿದರೆ ಅದರಲ್ಲಿ ನಡೆಯುತ್ತದೆ. ದುಡ್ಡಿದ್ದರೆ ತಗೊಳ್ಳಿ.

ದುಡ್ಡು ಅಳೆದು ತೂಗಿ ಖರ್ಚು ಮಾಡುವವರಿಗೆ ನನ್ನ ಮಾತು ಬೇರೆ. ಎಲ್ಲರೂ ಮಿರರ್‌ಲೆಸ್‌ಗೆ ಓಡುತ್ತಿರುವಾಗ ಅವರು ಬಿಟ್ಟು ಹೋದದ್ದು ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತದೆ. ನಿಕಾನ್ ಡಿ500 2016ರದ್ದು, 153 ಫೋಕಸ್ ಬಿಂದು. ಕ್ಯಾನನ್ 7ಡಿ ಮಾರ್ಕ್ 2 2014ರದ್ದು, 65 ಬಿಂದು. ಎರಡೂ ಸೆಕೆಂಡಿಗೆ 10 ಫ್ರೇಮ್. ಓಡುವುದು, ಹಾರುವುದಕ್ಕೆಂದೇ ಮಾಡಿದವು. ಕ್ಯಾನನ್ ಲೆನ್ಸ್ ಇದ್ದವರು ನಿಕಾನ್ ಕ್ಯಾಮೆರಾಕ್ಕೆ ಆಸೆ ಪಡಬೇಡಿ, ಲೆನ್ಸನ್ನೂ ಬದಲಿಸಬೇಕಾಗುತ್ತದೆ. ಎರಡರ ಶಟರಿಗೂ ಕಂಪನಿ ಹೇಳುವ ಆಯಸ್ಸು 2 ಲಕ್ಷ ಕ್ಲಿಕ್. ಕೊಳ್ಳುವ ಮೊದಲು ಎಷ್ಟಾಗಿದೆ ಕೇಳಿ. ಅದಕ್ಕಿಂತ ಮುಖ್ಯ, ನಿಮ್ಮದೇ ಲೆನ್ಸ್ ಹಾಕಿ ಅಂಗಡಿಯ ಹೊರಗೆ ಬಂದು ರಸ್ತೆಯಲ್ಲಿ ಬರುವ ಆಟೊ, ಬೈಕುಗಳನ್ನು ಸಾಲಾಗಿ ತೆಗೆದು ದೊಡ್ಡದು ಮಾಡಿ ನೋಡಿ. ಹೊರಗೆ ಬಿಡುವುದಿಲ್ಲ ಅಂದರೆ ಆ ಅಂಗಡಿಯೇ ಬೇಡ. ಡಿ500ರ ಎರಡು ಕಾರ್ಡ್ ಗೂಡಿನಲ್ಲಿ ಒಂದು ಎಕ್ಸ್‌ಕ್ಯೂಡಿ. ಆ ಕಾರ್ಡು ದುಬಾರಿ. ಹಳಬರು ಕಾರ್ಡು, ಕಾರ್ಡ್ ರೀಡರ್ ಜೊತೆಗೇ ಕೊಡುತ್ತಾರಾ ಅಂತ ಚೌಕಾಸಿ ಮಾಡಿ. ಬ್ಯಾಟರಿ ಮಾತ್ರ ಹೊಸದೇ ತಗೊಳ್ಳಿ.